ಕೊಕ್ಕರೆರಾಜನ ಕೊಕ್ಕು

ಕೆರೆಗಾಗಿ ನಡೆದ ಯುದ್ಧದಲ್ಲಿ ಕೊಕ್ಕರೆಗಳು ಗೆದ್ದು, ಸೆರೆ ಸಿಕ್ಕ ಬಾತುಗಳನ್ನು ಒಣಬಂಡೆಯ ಮೇಲೆ ಕೂಡಿಹಾಕಿದವು. ನೀರು ಕೇಳಿದವರನ್ನು ಕಾವಲಿನವರು ಕುಕ್ಕುತ್ತಿದ್ದರು. ಒಂದು ದಿನ ಕೊಕ್ಕರೆರಾಜ ಸೆರೆಯಾಳುಗಳನ್ನು ನೋಡಲು ಬಂದಾಗ ಮುದಿ ಬಾತೊಂದು ಅವನೆದುರು ನಿಂತಿತು.

"ಪ್ರಭು, ನೀರಿಲ್ಲದೆ ನಮ್ಮ ಮರಿಗಳು ಸಾಯುತ್ತಿವೆ."

"ನಾನು ಯಾರನ್ನೂ ಮುಟ್ಟಿಲ್ಲ, ಅಜ್ಜಿ. ಅದೆಲ್ಲ ಕಾವಲಿನವರ ಕೆಲಸ. ಅವರನ್ನೇ ಕೇಳು."

"ಆಗಲಿ. ಯುದ್ಧ ಗೆದ್ದವರು ಯಾರು?"

"ನಾನೇ."

"ರಣದಲ್ಲಿ ತಮ್ಮನ್ನು ಕಾಣಲೇ ಇಲ್ಲವಲ್ಲ?"

"ರಾಜನಾದವನು ಕೆಸರಿಗಿಳಿಯಬೇಕೆ? ನನ್ನ ಸೈನಿಕರ ಕೊಕ್ಕೆಂದರೆ ನನ್ನದೇ ಕೊಕ್ಕು," ಎಂದು ರಾಜ ಕತ್ತು ನಿಮಿರಿಸಿದ.

ಮುದಿ ಬಾತು ತಿರುಗಿ ನಿಂತು, ಪುಕ್ಕ ಕಿತ್ತುಹೋದ ತನ್ನ ಬೆನ್ನನ್ನು ತೋರಿಸಿತು. "ಹಾಗಾದರೆ ಇಲ್ಲಿ ಕುಕ್ಕಿದವರು ತಾವು."

ಕಾವಲಿನವರು ನಕ್ಕರು. ರಾಜ ನಗಲಿಲ್ಲ. "ಹೌದು, ನಾನೇ ಕುಕ್ಕಿದೆ," ಎಂದ. "ಬಿಡುಗಡೆ ಏನಿದ್ದರೂ ಸಂಧಿಯಾದ ಮೇಲೆ. ನೀರು ಈಗಲೇ."

ಬಾತುಗಳು ಮರಿಗಳನ್ನು ಕರೆದುಕೊಂಡು ಕೆರೆಗಿಳಿದು, ರೆಕ್ಕೆ ನೆನೆಯುವಷ್ಟು ಮುಳುಗಿ ಎದ್ದವು. ಸಂಧಿಯಾಗುವವರೆಗೂ ಕಾವಲಿನ ಕೊಕ್ಕರೆ ಯಾವುದಾದರೂ ಅವುಗಳ ಮೇಲೆ ಕೊಕ್ಕೆತ್ತಿದರೆ, ರಾಜ ತಾನೇ ಕೆಸರು ತುಳಿದುಕೊಂಡು ಬಂದು ಹೇಳುತ್ತಿದ್ದ: "ಇಳಿಸಯ್ಯ, ಅದು ನನ್ನ ಕೊಕ್ಕು."