ಅರ್ಧಕ್ಕೆ ನಿಂತ ಪ್ರಾರ್ಥನೆ

ಮೊರೆಯಿಡಬಲ್ಲವರ ಮಾತನ್ನೂ ಮೊರೆಯಿಡಲು ಬಾರದವರ ಮೌನವನ್ನೂ ಕೇಳುವ ಶಿವನಿಗೆ ಶರಣು.

ಮಠದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಮರುಳಯ್ಯ ಒಂದು ದಿನ ಗುರುಗಳನ್ನು ಕೇಳಿದ: "ಬುದ್ಧಿ, ಅಕ್ಷರ ಕಲಿಸುವುದು ನನ್ನ ಕೆಲಸ. ಮಕ್ಕಳ ಮನಸ್ಸಿನ ನೋವನ್ನೂ ನಾನೇ ನೋಡಬೇಕೆ? ಅದಕ್ಕೆ ಮನೆಯವರಿದ್ದಾರಲ್ಲ?"

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಮೇಷ್ಟರಿದ್ದರು. ಅವರ ಶಾಲೆಯಲ್ಲಿ ದಿನವೂ ಮಕ್ಕಳು ಪಾಠವನ್ನು ಬಾಯಿಪಾಠ ಒಪ್ಪಿಸಬೇಕಿತ್ತು. ಹಾಗೆ ಒಪ್ಪಿಸುವುದರಲ್ಲಿ ಒಬ್ಬ ಹುಡುಗಿ ಎಲ್ಲರಿಗಿಂತ ಮುಂದಿದ್ದಳು. ಅಂಥವಳು ಇದ್ದಕ್ಕಿದ್ದಂತೆ ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ಎದ್ದು ನಿಲ್ಲುವಳು, ತಲೆ ತಗ್ಗಿಸುವಳು, ಅಷ್ಟೇ.

ನೆನಪು ಮಂಕಾಗಿದೆ ಎಂದುಕೊಂಡರು ಮೇಷ್ಟರು. ದಿನವೂ ಒಂದೆಲಗದ ರಸ ಕುಡಿಸಿದರು. "ಒಂದೆಲಗದ ಬಳ್ಳೀನೇ ಮೇಯಿಸಿದ್ರೂ ಅಷ್ಟೇ ಬಿಡಿ, ಮೇಷ್ಟ್ರೇ" ಎಂದು ಮಕ್ಕಳು ನಕ್ಕರು. ಕಡೆಗೆ ಬೇಸತ್ತು, ಅವಳ ಅಪ್ಪನನ್ನು ಕರೆಸಿ ಶಾಲೆ ಬಿಡಿಸಿಬಿಡುವುದೇ ಸರಿ ಎಂದು ನಿಶ್ಚಯಿಸಿದರು.

ಅಂದು ಬೇರೆಯವರು ಪಾಠ ಒಪ್ಪಿಸುತ್ತಿರುವಾಗ ಅವರ ಕಣ್ಣು ಅವಳ ಮೇಲೆ ಬಿತ್ತು. ಅವಳ ತುಟಿ ಪಾಠದ ಜೊತೆಗೇ ಆಡುತ್ತಿತ್ತು. ತಟ್ಟನೆ ಅವಳೇ ತನ್ನ ಬಾಯಿಯನ್ನು ಅಂಗೈಯಿಂದ ಮುಚ್ಚಿಕೊಂಡಳು. ಇದು ಮರೆವಲ್ಲ ಎಂದು ಮೇಷ್ಟರಿಗೆ ಹೊಳೆಯಿತು. ಮಕ್ಕಳನ್ನೆಲ್ಲ ಆಟಕ್ಕೆ ಬಿಟ್ಟು, ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತರು. ಏನೂ ಕೇಳಲಿಲ್ಲ. ಬಹಳ ಹೊತ್ತಿನ ಮೇಲೆ ಅವಳೇ ಬಾಯಿಬಿಟ್ಟಳು.

"ದೀಪದ ಮುಂದೆ ಪ್ರಾರ್ಥನೆ ಹೇಳ್ತಿದ್ದೆ, ಮೇಷ್ಟ್ರೇ. ಒಳಗೆ ಅಜ್ಜಿ ಕಡಲೆಕಾಯಿ ಹುರೀತಿದ್ರು. ಘಮ್ ಅಂತು. ಅರ್ಧಕ್ಕೇ ಬಿಟ್ಟು ಓಡಿದೆ. ಬೆಳಗಾಗೋದ್ರೊಳಗೆ ಅಮ್ಮ ಜ್ವರ ಬಂದು ಹಾಸಿಗೆ ಹಿಡಿದ್ರು. ಇನ್ನೇನಾದ್ರೂ ಹೇಳೋಕೆ ಶುರು ಮಾಡಿ, ನಡುವೆ ನಿಂತುಹೋದ್ರೆ?"

ಹಿಡಿದ ಪ್ರಾರ್ಥನೆಯನ್ನು ನಡುವೆ ಬಿಡಬಾರದೆಂದು ಮೇಷ್ಟರಿಗೂ ಅವರ ಹಿರಿಯರು ಕಲಿಸಿದ್ದರು. ಆ ಅಳುಕು ಅವರೊಳಗೂ ಇತ್ತು. ಆದರೂ ಎದ್ದು ನಿಂತರು. ಅದೇ ಪ್ರಾರ್ಥನೆಯನ್ನು ದನಿಯೆತ್ತಿ ಹೇಳತೊಡಗಿ, ಅರ್ಧಕ್ಕೆ ನಿಲ್ಲಿಸಿದರು.

"ಅಯ್ಯೋ, ಮುಗಿಸಿ ಮೇಷ್ಟ್ರೇ!" ಎಂದು ಹುಡುಗಿ ಚೀರಿದಳು.

"ಮುಗಿಸೋಲ್ಲ ಕಣಮ್ಮಾ. ಶಿವನೇ, ದೋಷವೇನಾದರೂ ಇದ್ದರೆ ನನಗಿರಲಿ. ಈ ಕೂಸಿನದೂ ನನ್ನ ತಲೆಗೇ ಬರಲಿ" ಎಂದವರೇ ಮನೆಗೆ ನಡೆದರು.

ಮಾರನೆಯ ದಿನ ಬೆಳಗಾಗುತ್ತಲೇ ಹುಡುಗಿ ಶಾಲೆಯ ಬಾಗಿಲಲ್ಲಿ ನಿಂತು ದಾರಿ ನೋಡುತ್ತಿದ್ದಳು. ಮೇಷ್ಟರು ಎಂದಿನಂತೆಯೇ ಬಂದರು. ಅವಳು ಓಡಿ ಹೋಗಿ ಅವರ ಕೈ ಮುಟ್ಟಿ ನೋಡಿದಳು. "ಜ್ವರ ಬರಲಿಲ್ವಾ?"

"ಎಲ್ಲಿಯ ಜ್ವರ? ಎರಡು ಮುದ್ದೆ ಉಂಡು, ಸೂರು ಹಾರಿಹೋಗೋ ಹಾಗೆ ಗೊರಕೆ ಹೊಡೆದೆ."

ಹುಡುಗಿ ನಕ್ಕಳು. ನಗುತ್ತಲೇ ಅತ್ತಳು. ಅವಳ ತಾಯಿಯ ಜ್ವರ ಮದ್ದಿಗೆ ಬಗ್ಗಿ ಆಗಲೇ ಇಳಿಯತೊಡಗಿತ್ತು. ಮಗಳ ಹೆದರಿಕೆ ಇಳಿದದ್ದು ಈಗ. ಅಂದು ಅವಳು ಎದ್ದು ನಿಂತು ಪಾಠ ಒಪ್ಪಿಸಿದಳು. ನಡುವೆ ಒಂದು ಸಾಲು ತಪ್ಪಿತು. ಒಂದು ಗಳಿಗೆ ಮೇಷ್ಟರ ಮುಖ ನೋಡಿದಳು. ಅವರು ಸುಮ್ಮನೆ ತಲೆಯಾಡಿಸಿದರು. ಅವಳು ಮುಂದಿನ ಸಾಲು ಹಿಡಿದು ಹೊರಟೇಬಿಟ್ಟಳು.

ಕತೆ ಮುಗಿಯಿತು. ಮರುಳಯ್ಯ ಅನುಮಾನದಿಂದ ಕೇಳಿದ: "ಬುದ್ಧಿ, ಆ ಮೇಷ್ಟರು ಪ್ರಾರ್ಥನೆಯ ಉಳಿದರ್ಧವನ್ನು ಆಮೇಲಾದರೂ ಹೇಳಿ ಮುಗಿಸಿದರೇ?"

"ಮಗುವಿನ ಪಕ್ಕದಲ್ಲಿ ಹೋಗಿ ಕೂತಾಗಲೇ ಅದು ಮುಗಿದಿತ್ತಯ್ಯಾ."

ಮರುಳಯ್ಯ ಗುರುಗಳ ಪಾದ ಮುಟ್ಟಿ, ಶಾಲೆಯ ಕಡೆಗೆ ನಡೆದ.

ಇದನ್ನು ಕೇಳಿದ ನಿಮ್ಮೆಲ್ಲರ ಎದೆಯ ಭಾರ ಇಳಿಯಲಿ. ನಿಮ್ಮ ಮಕ್ಕಳಿಗೆ, ಪಕ್ಕದಲ್ಲಿ ಕೂರುವವರೊಬ್ಬರು ಎಂದೆಂದೂ ಸಿಗಲಿ. ಶಿವನು ಎಲ್ಲರನ್ನೂ ತಂಪಾಗಿಟ್ಟಿರಲಿ.