ಹನ್ನೆರಡು ಮೂರು, ಒಂದು ನಾಲ್ಕು

ಹೊಳೆಯ ಈ ದಡಕ್ಕೊಂದು ಆಶ್ರಮ, ಆ ದಡಕ್ಕೊಂದು ಆಶ್ರಮ. ನಡುವೆ ಒಂದು ಹರಿಗೋಲು.

ಎರಡೂ ಆಶ್ರಮಗಳಲ್ಲಿ ಒಂದೊಂದು ಕಂಪ್ಯೂಟರ್ ಇತ್ತು. ಒಂದೇ ದಿನ ಕೊಂಡಂಥವು, ಒಂದೇ ಥರ ಕೆಮ್ಮುವಂಥವು. ಎರಡಕ್ಕೂ ನಡುವೆ ಎಳೆದಿದ್ದ ತಂತಿಯನ್ನು ಮೀನು ತಿಂದಿತು ಅನ್ನುತ್ತಾರೆ. ಮೀನು ಎಷ್ಟುದ್ದ ಇತ್ತು ಅನ್ನುವುದು ಹೇಳುವವರ ಕೈಯಳತೆಗೆ ಬಿಟ್ಟದ್ದು.

ಈ ದಡದ ಗುರುಗಳು ಬಿಂದುಮಾಧವಾಚಾರ್ಯರು. ಅವರ ಹತ್ತಿರ ಪ್ರಾಣೇಶ ಆರು ವರ್ಷದಿಂದ ಪ್ರೋಗ್ರಾಮ್ ಬರೆಯುವ ವಿದ್ಯೆ ಕಲಿಯುತ್ತಿದ್ದ.

ವಿದ್ಯೆ ಮುಗಿಯಿತು ಅನ್ನುವುದಕ್ಕೆ ಅಲ್ಲಿ ಒಂದೇ ಪರೀಕ್ಷೆ. ಗುರುಗಳು ಯಂತ್ರದೊಳಗೆ ಒಂದು ಸಂಖ್ಯೆ ಇಡುತ್ತಾರೆ. ಶಿಷ್ಯ ಬರೆದ ಪ್ರೋಗ್ರಾಮ್ ಅದನ್ನು ಕಾಗದಕ್ಕೆ ಇಳಿಸಬೇಕು. ಕಾಗದ ಹರಿಗೋಲಿನಲ್ಲಿ ಆಚೆ ದಡಕ್ಕೆ ಹೋಗುತ್ತದೆ. ಅಲ್ಲಿನ ಗುರು ಅಂಬಾಬಾಯಿ ಅದೇ ಲೆಕ್ಕವನ್ನು ತಮ್ಮ ಯಂತ್ರದಲ್ಲೂ ಮಾಡಿಟ್ಟಿರುತ್ತಾರೆ. ಕಾಗದ ಓದಿಸಿದಾಗ ಎರಡೂ ಒಂದೇ ಆದರೆ ಗಂಟೆ ಬಾರಿಸುತ್ತಾರೆ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಹರಿಗೋಲಿನಲ್ಲಿ ಒಂದು ಹಾಗಲಕಾಯಿ ಕಳಿಸುತ್ತಾರೆ.

ಮೂರು ಹಾಗಲಕಾಯಿ ಬಂದವನು ಹೊಸಬರ ಸಾಲಿನಲ್ಲಿ ಕೂತು ಮೊದಲ ವರ್ಷದಿಂದ ಮತ್ತೆ ಕಲಿಯಬೇಕು.

ಪ್ರಾಣೇಶನಿಗೆ ಎರಡು ಬಂದಿದ್ದವು. ಊರಲ್ಲಿ ಅವನ ತಾಯಿ, ಮಗನ ವಿದ್ಯೆ ಮುಗಿಯಿತು ಅಂತ ಆಗಲೇ ಓಣಿಗೆಲ್ಲ ಪೇಡೆ ಹಂಚಿಬಿಟ್ಟಿದ್ದರು.

ಮೂರನೆಯ ಸಲದ ದಿನ ಬೆಳಿಗ್ಗೆ ಅವನು ಗುರುಗಳ ಮುಂದೆ ಬಂದು ಕೂತ.

"ಗುರುಗಳೇ, ನೀವು ಇಟ್ಟ ಸಂಖ್ಯೆ ಯಾವುದು, ಇನ್ನೊಮ್ಮೆ ಹೇಳ್ರಿ."

"ಹತ್ತರಾಗ ಒಂದು ಪಾಲು. ಹತ್ತರಾಗ ಎರಡು ಪಾಲು. ಯಂತ್ರ ಎರಡನ್ನೂ ಕೂಡಿಸಿ ಇಟ್ಟುಕೊಂಡದ."

"ಅಂದರ ಹತ್ತರಾಗ ಮೂರು ಪಾಲು."

"ಅದು ನೀ ಅಂದದ್ದು. ನಾ ಅಂದಿಲ್ಲ."

"ಮೊದಲನೇ ಸಲ ಸೊನ್ನೆ, ಚುಕ್ಕೆ, ಮೂರು ಅಂತ ಬರೆದು ಕಳಿಸಿದೆ. ಹಾಗಲಕಾಯಿ ಬಂತು."

"ಪಲ್ಯ ಚಲೋ ಆಗಿತ್ತು."

"ಎರಡನೇ ಸಲ ನೀವು ಹೇಳಿದಂಗ ಹದಿನಾರರ ಲೆಕ್ಕದಾಗ ಬರೆಯೋ ಪ್ರೋಗ್ರಾಮ್ ಮಾಡಿದೆ."

ಹದಿನಾರರ ಲೆಕ್ಕ ಅಂದರೆ ದೊಡ್ಡ ಮಂತ್ರವೇನಲ್ಲ. ಯಂತ್ರಕ್ಕೆ ಪಾಲು ಮಾಡುವುದು ಗೊತ್ತಿರುವುದು ಒಂದೇ ರೀತಿ: ಅರ್ಧ, ಅರ್ಧದ ಅರ್ಧ, ಅದರ ಅರ್ಧ. ಅಂಥ ನಾಲ್ಕು ಸೀಳಿಗೆ ಒಂದು ಗುರುತು. ನಾಲ್ಕರಲ್ಲಿ ಯಾವುದು ಇದೆ, ಯಾವುದು ಇಲ್ಲ ಅನ್ನುವ ಬಗೆ ಹದಿನಾರು, ಹಾಗಾಗಿ ಗುರುತುಗಳೂ ಹದಿನಾರು. ಹೀಗೆ ಬರೆದರೆ ಯಂತ್ರದ ಹೊಟ್ಟೆಯಲ್ಲಿ ಇದ್ದದ್ದು ಇದ್ದ ಹಾಗೇ ಕಾಗದಕ್ಕೆ ಬರುತ್ತದೆ: ಒಂದು, ಚುಕ್ಕೆ, ಗುರುತುಗಳು, ಪಕ್ಕದಲ್ಲಿ ಇದೆಲ್ಲವನ್ನೂ ಎಷ್ಟು ಸಲ ಅರ್ಧ ಮಾಡಬೇಕು ಅನ್ನುವ ಒಂದು ಬಾಲ.

"ಏನು ಬಂತು ಕಾಗದಕ್ಕ?" ಗುರುಗಳು ಕೇಳಿದರು.

"ಒಂದು, ಚುಕ್ಕೆ, ಆಮೇಲೆ ಹನ್ನೆರಡು ಸಲ ಮೂರು. ಎಲ್ಲಾದಕ್ಕೂ ಕೊನೆಗೆ ಒಂದು ನಾಲ್ಕು."

"ಸರಿ ಅದ. ಮತ್ತ ಹಾಗಲಕಾಯಿ ಯಾಕ ಬಂತು?"

ಪ್ರಾಣೇಶ ತನ್ನ ಉಗುರು ನೋಡಿಕೊಂಡ.

"ಆ ನಾಲ್ಕನ್ನು ನಾನು ಅಳಿಸಿ ಮೂರು ಮಾಡಿದ್ದೆ."

"ಯಾರು ಹೇಳಿದರು?"

"ಯಾರೂ ಹೇಳಲಿಲ್ಲ. ಕಣ್ಣಿಗೆ ಚುಚ್ಚತಿತ್ತು, ಗುರುಗಳೇ. ಪಂಕ್ತಿಯೊಳಗ ಹನ್ನೆರಡು ಮಂದಿ ಮಡಿ ಉಟ್ಟು ಕೂತಾಗ ಹದಿಮೂರನೇದವ ಪ್ಯಾಂಟ್ ಹಾಕ್ಕೊಂಡು ಬಂದು ಕೂತಂಗ. ಒಂದಕ್ಕ ಎರಡು ಕೂಡಿದರ ಮೂರು. ಈ ನಾಲ್ಕು ಎಲ್ಲಿಂದ ಬಂತು? ನಮ್ಮ ಯಂತ್ರಕ್ಕ ವಯಸ್ಸಾಗೇದ."

ಗುರುಗಳು ಅಡುಗೆಮನೆಯಿಂದ ಮೂರು ಹೋಳಿಗೆ, ಒಂದು ಚಾಕು, ಎರಡು ಬಾಳೆಲೆ ತರಿಸಿದರು.

"ಈ ಎಲೆಗೆ ಒಂದು ಹೋಳಿಗೆಯ ಹತ್ತನೇ ಪಾಲು ಬಡಿಸು. ಅರ್ಧ ಮಾಡೋದು ಬಿಟ್ಟು ಬ್ಯಾರೆ ಹೆಂಗೂ ಕೊಯ್ಯಬ್ಯಾಡ."

ಪ್ರಾಣೇಶ ಅರ್ಧ ಮಾಡಿದ. ಅದರ ಅರ್ಧ, ಅದರ ಅರ್ಧ, ಮತ್ತೂ ಅದರ ಅರ್ಧ. ಹದಿನಾರನೇ ಪಾಲು ಎಲೆಗೆ ಬಿತ್ತು. ಸಾಲಲಿಲ್ಲ. ಮೂವತ್ತೆರಡನೇ ಪಾಲೂ ಬಿತ್ತು. ಇನ್ನೂ ಸಾಲಲಿಲ್ಲ. ಅರವತ್ನಾಲ್ಕನೇ ಪಾಲನ್ನೂ ಹಾಕಿದರೆ ಮೀರುತ್ತಿತ್ತು. ಮತ್ತೆ ಸೀಳಿದ, ಮತ್ತೆ ಹಾಕಿದ. ಹೂರಣ ಮೊಣಕೈವರೆಗೆ ಬಂತು. ಕೊನೆಗೆ ಚಾಕುವಿಗೂ ಸಿಗದಷ್ಟು ಸಣ್ಣ ಚೂರು ಉಳಿಯಿತು.

"ಇದನ್ನ ಹಾಕಿದರ ಹೆಚ್ಚು, ಬಿಟ್ಟರ ಕಡಿಮಿ."

"ಯಾವುದು ಹತ್ತಿರ?"

"ಹಾಕೋದು."

"ಹಾಕು."

ಎರಡನೇ ಹೋಳಿಗೆಯಲ್ಲಿ ಹತ್ತರಲ್ಲಿ ಎರಡು ಪಾಲು ಕೊಯ್ದದ್ದಾಯಿತು. ಅಲ್ಲಿಯೂ ಕೊನೆಯ ಚೂರು ಹಾಕುವುದೇ ಹತ್ತಿರವಾಯಿತು. ಎಲ್ಲವನ್ನೂ ಅದೇ ಎಲೆಯ ಮೇಲೆ ಸೇರಿಸಿದ.

"ಈಗ ಮೂರನೇದರಾಗ ನೇರ ಮೂರು ಪಾಲು ಕೊಯ್ದು ಆ ಎಲೆಗೆ ಹಾಕು."

ಅಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಈ ಸಲ ಕೊನೆಗೆ ಉಳಿದ ಚೂರನ್ನು ಬಿಡುವುದೇ ಹತ್ತಿರವಾಯಿತು. ಪ್ರಾಣೇಶ ಬಿಟ್ಟ.

ಗುರುಗಳು ಎರಡೂ ಎಲೆಗಳನ್ನು ಅಕ್ಕಪಕ್ಕ ಎಳೆದರು. ಮೊದಲ ಎಲೆಯಲ್ಲಿ ಒಂದು ಚೂರು ಹೆಚ್ಚಿತ್ತು. ಅರ್ಧ ಸಾಸಿವೆಯಷ್ಟು.

"ಇದು ಎಲ್ಲಿಂದ ಬಂತು?"

"ನನ್ನ ಕೈಯಿಂದ."

"ಕೈಗೆ ವಯಸ್ಸಾಗೇದೇನು?"

ಪ್ರಾಣೇಶ ಎದ್ದು ಹೋಗಿ ಕೈ ತೊಳೆದುಕೊಂಡು ಯಂತ್ರದ ಮುಂದೆ ಕೂತ. ಪ್ರೋಗ್ರಾಮ್ ಓಡಿಸಿದ. ಯಂತ್ರ ಕೆಮ್ಮಿ ಕಾಗದ ಉಗುಳಿತು: 1.3333333333334. ಪಕ್ಕದಲ್ಲಿ, ಎರಡು ಸಲ ಅರ್ಧ ಮಾಡು ಅನ್ನುವ ಪುಟ್ಟ ಬಾಲ.

ನಾಲ್ಕು ಅಲ್ಲೇ ಕೂತಿತ್ತು, ಪ್ಯಾಂಟ್ ಹಾಕಿಕೊಂಡು.

ಬೆರಳು ತಾನಾಗಿಯೇ ರಬ್ಬರಿನ ಕಡೆ ಹೋಯಿತು. ಪ್ರಾಣೇಶ ರಬ್ಬರ್ ತೆಗೆದು ಗುರುಗಳ ಕೈಗೆ ಕೊಟ್ಟು, ಕಾಗದವನ್ನು ಹರಿಗೋಲಿನ ಹುಲಿಗೆಪ್ಪನಿಗೆ ಕೊಟ್ಟ.

ಹುಲಿಗೆಪ್ಪ ಎರಡು ಸಲ ಈ ಕಾಗದ ಒಯ್ದು ಒಯ್ದು ಪಂಡಿತನಾಗಿಬಿಟ್ಟಿದ್ದ.

"ಆಚಾರ್ರ, ಕಡೀದು ತಪ್ಪೇತ್ರಿ. ಹೋದ ಸಲ ಮೂರು ಇತ್ತು."

"ಇರಲಿ ಬಿಡು," ಅಂದ ಪ್ರಾಣೇಶ.

"ನನ್ನ ಹಂತ್ಯಾಕ ಪೆನ್ಸಿಲ್ ಐತ್ರಿ. ನಡು ಹೊಳ್ಯಾಗ ತಿದ್ದಿದರ ಯಾರಿಗೆ ಗೊತ್ತಾಗತೈತಿ?"

"ಪೆನ್ಸಿಲ್ ಇಲ್ಲಿಟ್ಟು ಹೋಗು, ಹುಲಿಗೆಪ್ಪ."

ಹರಿಗೋಲು ಸುತ್ತುತ್ತ ಸುತ್ತುತ್ತ ಆಚೆ ಹೋಯಿತು. ಪ್ರಾಣೇಶ ಮೆಟ್ಟಿಲ ಮೇಲೆ ಕೂತು ಕಿವಿ ಆಚೆ ದಡಕ್ಕೆ ಇಟ್ಟ. ಕಾಗೆ ಕೂಗಿತು. ಅಗಸರ ಕಲ್ಲಿನ ಸಪ್ಪಳ ಕೇಳಿತು. ಗಂಟೆ ಮಾತ್ರ ಕೇಳಲಿಲ್ಲ.

ಅವನ ಹಿಂದೆ ಕೂತ ಗುರುಗಳು, ನೇರ ಮೂರು ಪಾಲು ಹಾಕಿದ್ದ ಎಲೆಯ ಹೋಳಿಗೆಯನ್ನು ನಿಧಾನಕ್ಕೆ ತಿಂದು ಮುಗಿಸಿದರು. ಆಮೇಲೆ ಕೂಡಿಸಿದ ಎಲೆಗೆ ಕೈ ಹಾಕಿದರು.

ಹರಿಗೋಲು ತಿರುಗಿ ಬಂತು. ನಡುವೆ ಒಂದು ಬುಟ್ಟಿ. ಬುಟ್ಟಿಯ ತುಂಬ ಹಾಗಲಕಾಯಿ.

ಪ್ರಾಣೇಶನ ಬಾಯಿ ಆಗಲೇ ಕಹಿಯಾಯಿತು. ಹೊಸಬರ ಸಾಲು, ಮೊದಲ ವರ್ಷ, ಊರಿನ ಪೇಡೆ, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು.

"ಒಂದು ಸಾಲಲಿಲ್ಲೇನು? ಬುಟ್ಟಿನೇ ಕಳಿಸ್ಯಾರ?"

"ಇದು ನಿಮಗಲ್ಲರಿ. ಗುರುಗಳು ತರಿಸ್ಯಾರ. ಪಲ್ಯದ ರುಚಿ ಹತ್ತೇತಂತ."

"ಮತ್ತ ನನಗೆ?"

ಹುಲಿಗೆಪ್ಪ ಹರಿಗೋಲಿನಿಂದ ಇಳಿದು, ಪಂಚೆ ಹಿಂಡಿ, ನೆಟ್ಟಗೆ ನಿಂತ.

"ಗಂಟಿ ನಾಲಿಗಿ ಉದುರಿ ಬಿದ್ದೈತ್ರಿ. ಅಂಬಾಬಾಯಾರು, ಹೋಗಿ ನೀನ ಬಾರಿಸು ಅಂದ್ರು."

"ಏನು ಬಾರಿಸತಿ?"

"ಢಣ್," ಅಂದ ಹುಲಿಗೆಪ್ಪ, ಸಂತೆಯಲ್ಲಿ ದರ ಹೇಳುವ ದನಿಯಲ್ಲಿ.

ಪ್ರಾಣೇಶ ಇನ್ನೊಮ್ಮೆ ಹೇಳಿಸಿದ. ಹುಲಿಗೆಪ್ಪ ಇನ್ನೊಮ್ಮೆ ಅಂದ. ಮೂರನೆಯ ಸಲ ಕೇಳಿದ್ದಕ್ಕೆ, ಅಂಬಾಬಾಯಾರು ಹೇಳಿದ್ದು ಒಂದು ಸಲ, ಮ್ಯಾಲಿಂದು ಪುಕ್ಕಟೆ ಕೊಟ್ಟೇನಿ, ಇನ್ನ ಸಾಕು ಅಂದ.

ಪ್ರಾಣೇಶ ಓಡಿ ಬಂದು ಗುರುಗಳ ಕಾಲಿಗೆ ಬಿದ್ದ. ಎದ್ದವನ ಮನಸ್ಸಿನಲ್ಲಿ ಇನ್ನೂ ಒಂದು ಮುಳ್ಳು ಉಳಿದಿತ್ತು.

"ಗುರುಗಳೇ, ನಾಲ್ಕನ್ನು ನಾಲ್ಕು ಅಂತ ಬಿಟ್ಟೆ, ಪಾಸಾದೆ. ಆದರ ಖರೇ ಯಾವುದು? ಒಂದು ಎರಡು ಕೂಡಿದರ ಮೂರೋ, ಮೂರರ ಮ್ಯಾಲೆ ಒಂದು ಚೂರೋ?"

ಗುರುಗಳು ಬೆರಳು ನೆಕ್ಕಿ, ಕೂಡಿಸಿದ ಎಲೆಯನ್ನು ಅವನ ಕಡೆ ತಿರುಗಿಸಿದರು. ಎಲೆ ಖಾಲಿಯಾಗಿತ್ತು. ಅಂಚಿನಲ್ಲಿ ಮಾತ್ರ ಒಂದು ಇರುವೆ ತಲೆಗಿಂತ ದೊಡ್ಡದೇನನ್ನೋ ಎತ್ತಿಕೊಂಡು ಹೊರಟಿತ್ತು.

"ಅದು ಏನು ಹೊತ್ತುಕೊಂಡು ಹೊಂಟದ, ಮೊದಲು ಅದನ್ನ ಹೇಳು."