ಸಮಾಧಾನಿ ಕಲಿತ ಚೀನಾ ಹಾಡು

ಕೂಡ್ರಿ, ಕಿವಿ ಈ ಕಡೆ ಕೊಡ್ರಿ. ಈ ಕತೆ ನಂಬಿದವರ ಹಲ್ಲು ಸಾಯುವತನಕ ಗಟ್ಟಿ. ಸುಳ್ಳು ಅಂದವರ ಹಲ್ಲು ಇವತ್ತಿಂದಲೇ ಅಲುಗಾಡುತ್ತವೆ. ಆಮೇಲೆ ಹೇಳಲಿಲ್ಲ ಅನ್ನಬೇಡಿ.

ಬೆಟಗೇರಿಯ ನೇಕಾರರ ಓಣಿಯಲ್ಲಿ ಸುವಾರ್ತವ್ವ ಅಂತ ಒಬ್ಬಳು ವಿಧವೆ. ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಹೊಟ್ಟೆ ಹೊರೆಯುವವಳು. ಅವಳು ರಾಟೆ ತಿರುಗಿಸಿದರೆ ಆ ಗಾಳಿಗೆ ಪಕ್ಕದ ಮನೆಯ ದೀಪ ಆರಬೇಕು, ಅಂಥ ಕೈ! ಅಂಥವಳಿಗೆ ಒಬ್ಬನೇ ಮಗ. ಚರ್ಚಿನಲ್ಲಿ ಇಟ್ಟ ಹೆಸರು ಸಮಾಧಾನಪ್ಪ, ಓಣಿಯವರಿಗೆ ಸಮಾಧಾನಿ. ಸಮಾಧಾನ ಅವನಿಗೊಬ್ಬನಿಗೆ, ಅವ್ವನಿಗೆ ಒಂದು ಚಿಟಿಕೆಯೂ ಇಲ್ಲ.

ಹುಡುಗ ಮೈಗಳ್ಳನಲ್ಲ, ಕೆಟ್ಟವನಲ್ಲ. ಹೇಳಿದ ಮಾತು ಮೀರಿದವನೇ ಅಲ್ಲ. ತೊಂದರೆ ಇದ್ದದ್ದೇ ಅಲ್ಲಿ. "ಕೋಳಿ ಜ್ವಾಳಕ್ಕ ಬಾಯಿ ಹಾಕ್ತದ, ನೋಡ್ಕೋತ ಕೂಡು" ಅಂದರೆ ಕೂಡುತ್ತಿದ್ದ. ಕೋಳಿ ಬರುತ್ತಿತ್ತು, ತಿನ್ನುತ್ತಿತ್ತು, ಹೋಗುತ್ತಿತ್ತು. ಇವನು ಕಣ್ಣು ಮಿಟುಕಿಸದೆ ನೋಡುತ್ತಿದ್ದ.

ಸುವಾರ್ತವ್ವ ಹಣೆ ಹಣೆ ಬಡಕೊಂಡು ಅಳುತ್ತಿದ್ದಳು. "ನಾ ಸತ್ತರ ನಿನಗ ರೊಟ್ಟಿ ಯಾರು ಹಾಕ್ತಾರೋ, ನನ ಮಗನ?"

"ರೊಟ್ಟಿ ಬಡದಿಟ್ಟು ಸಾಯವ್ವಾ."

ಹೀಗಿದ್ದ ನೋಡ್ರಿ ಮಗರಾಯ.

ಅದೇ ಊರಲ್ಲಿ ಲ್ಯೂ ಡಾಕ್ಟರು ಅಂತ ಚೀನಾದ ಹಲ್ಲಿನ ಡಾಕ್ಟರು. ಇಲ್ಲೇ ಹುಟ್ಟಿ ಬೆಳೆದವರು, ಮಾತು ನಮ್ಮದೇ. ಹಲ್ಲು ಎಷ್ಟು ನಾಜೂಕಾಗಿ ಕೀಳುತ್ತಿದ್ದರು ಅಂದರೆ, ಕಿತ್ತದ್ದು ಬಾಯಿಗೆ ಗೊತ್ತಾಗುತ್ತಿರಲಿಲ್ಲ. ಮನೆಗೆ ಹೋಗಿ ಕಬ್ಬು ಕಡಿಯುವಾಗ ಗೊತ್ತಾಗುತ್ತಿತ್ತು. ಅವರ ತಾಯಿ ಮಾತ್ರ ಗಂಡನ ಹಿಂದೆ ಹಡಗು ಹತ್ತಿ ಬಂದವಳು, ಒಳಮನೆಯಲ್ಲೇ ಹಣ್ಣಾದವಳು. ಕನ್ನಡ ನಾಲಿಗೆಗೆ ಹತ್ತಲಿಲ್ಲ. ಗಂಡ ತೀರಿಕೊಂಡ ಮೇಲೆ ಮಾತಿಗೆ ಮಗ ಒಬ್ಬ. ಮಗನ ಕೈಯೋ, ಹಗಲೆಲ್ಲ ಊರವರ ಬಾಯಲ್ಲಿ. ಅಜ್ಜಿ ನಗುವುದನ್ನೇ ಮರೆತಿದ್ದಳು.

ಒಂದು ಭಾನುವಾರ ಚರ್ಚಿನ ಬಾಗಿಲಲ್ಲಿ ಡಾಕ್ಟರು ಅಂದರು, "ನಮ್ಮವ್ವನ ಜೋಡಿ ಕೂತು ಆಕಿ ಮಾತು ಆಡೋರು ಒಬ್ಬರು ಬೇಕ್ರಿ. ಅಂಥವರು ಸಿಕ್ಕರ ಸಾಯೂತನಕ ನಮ್ಮನ್ಯಾಗ ಉಂಡು ಇರಲಿ."

"ನನ ಮಗ ಅದಾನ್ರೀ!" ಅಂದುಬಿಟ್ಟಳು ಸುವಾರ್ತವ್ವ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಆದರೆ ಬಾಯಿಂದ ಬಿದ್ದ ಮಾತು, ಮಗ್ಗದಿಂದ ಇಳಿದ ಸೀರೆ, ಮತ್ತೆ ನೂಲಾಗುತ್ತದೆಯೇ?

ಡಾಕ್ಟರು ತಮ್ಮಪ್ಪನ ಹಾಡಿನ ಪುಸ್ತಕ ಕೊಟ್ಟರು. ದೇವರ ಹಾಡುಗಳು. ಮಾತೆಲ್ಲ ಚೀನಾದ್ದು, ಓದಿದವರು ಮ್ಯಾಂಡರಿನ್ ಅನ್ನುತ್ತಾರೆ. ಅಕ್ಷರ ಮಾತ್ರ ಇಂಗ್ಲಿಷಿನದು. ಆ ದೇಶದ ಚಿತ್ರದಂಥ ಅಕ್ಷರ ಓದಲು ಬಾರದವರಿಗೆ ಅಂತ ಪಾದ್ರಿಗಳು ಅಚ್ಚು ಹಾಕಿಸಿದ್ದಂತೆ. ಸಮಾಧಾನಿ ಸಾಲೆಯಲ್ಲಿ ಎಬಿಸಿಡಿ ಮುಗಿಸಿದ ದಿನವೇ ವಿದ್ಯೆ ಮುಗಿಯಿತು ಅಂತ ಮನೆಗೆ ಬಂದವನು. ಅಷ್ಟು ಸಾಕಾಯಿತು.

ಡಾಕ್ಟರು ಹೇಳಿಕೊಟ್ಟರು, "ಹಾಡು ಬಂದರ ಮಾತು ಬಂತು. ಅಕ್ಷರದ ನೆತ್ತಿ ಮ್ಯಾಲೆ ಗೀಟು ಅದಾವಲ್ಲ? ಗೀಟು ಏರಿದರ ಏರು, ಇಳದರ ಇಳಿ. ಚೀನಾ ಮಾತಿನ ಜೀವ ಏರಿಳಿತದಾಗ ಐತಿ, ಮರೀಬ್ಯಾಡ."

ಮರೆತನೇ? ಮರೆಯುವವನೇ ಅಲ್ಲ! ಮನೆಗೆ ಬಂದವನೇ ಅಟ್ಟಕ್ಕೆ ಏಣಿ ಹಚ್ಚಿದ. ಗೀಟು ಏರಿತು, ಒಂದು ಮೆಟ್ಟಿಲು ಏರಿದ. ಇಳಿಯಿತು, ಇಳಿದ. ಇಳಿದು ಏರುವ ಗೀಟು ಬಂತು, ಕುಕ್ಕರಿಸಿ ಎದ್ದ. ಏರಿದ, ಇಳಿದ, ಹಾಡಿದ. ಎರಡನೆಯ ಚರಣದ ಏರು ಜೋರಾಗಿತ್ತು. ಏಣಿ ಮುಗಿಯಿತು, ಗೀಟು ಮುಗಿಯಲಿಲ್ಲ! ಧೊಪ್ಪಂತ ಬಿದ್ದ, ಅವ್ವ ಸುತ್ತಿಟ್ಟ ಕಂಡಿಕೆಯ ಬುಟ್ಟಿಯ ಮೇಲೆ. ಹೊರಳಿದ. ನೂಲು ಸುತ್ತಿಕೊಂಡು ರೇಷ್ಮೆಹುಳದ ಗೂಡಾದ. ಬಿಚ್ಚಲು ಓಣಿಯೇ ಸೇರಿತು. ಎಳೆಯ ತುದಿ ಹಿಡಿದು ಎಳೆದರು, ಬುಗುರಿಯಂತೆ ಗರಗರ ತಿರುಗಿದ. ನೂಲು ಬಿಚ್ಚಿತು, ಹಾಡು ನಿಲ್ಲಲಿಲ್ಲ.

"ಸುವಾರ್ತವ್ವ, ನಿನ್ನ ಮಗ ಚೀನಾಕ್ಕ ಏಣಿ ಹಚ್ಯಾನಲ್ಲಬೇ!" ಅಂತ ಓಣಿ ನಕ್ಕಿತು.

ಸುವಾರ್ತವ್ವ ಸೆರಗನ್ನು ಹಣೆಯತನಕ ಎಳೆದುಕೊಂಡಳು. "ದನಿ ಏರಬೇಕೋ ಹುಚ್ಚಾ, ಮೈ ಅಲ್ಲ! ಹಾಡು ಮುಗಿಯೂತನಕ ನಿಂತಲ್ಲೇ ನಿಲ್ಲು. ಮಿಸುಕಬ್ಯಾಡ!"

"ಹೂಂ ಅವ್ವಾ."

ಸಂತೆಯ ದಿನ ಉಪ್ಪು ತರಲು ಹೊರಟ. ನಡು ಬೀದಿಯಲ್ಲಿ ಹಾಡು ನೆನಪಾಯಿತು. ಶುರು ಮಾಡಿದ. ಶುರು ಮಾಡಿದ್ದೇ ನಿಂತ. ಹಿಂದಿನಿಂದ ಹತ್ತಿಯ ಚಕ್ಕಡಿ ಬಂತು.

"ಏ, ಹಾದಿ ಬಿಡೋ!"

ಹಾಡು.

"ಕಿವಿ ಕೇಳಂಗಿಲ್ಲೇನೋ!"

ಹಾಡು. ಎತ್ತು ಮುಂದೆ ಬಂದು ಅವನ ತಲೆ ನೆಕ್ಕಿತು. ಅಲುಗಾಡಲಿಲ್ಲ. ಆ ಹಾಡಿಗೆ ಪ್ರತಿ ಚರಣಕ್ಕೂ ಪಲ್ಲವಿ, ಪಲ್ಲವಿ ಆದ ಮೇಲೆ ಮತ್ತೆ ಚರಣ. ಚಕ್ಕಡಿಯ ಹಿಂದೆ ಚಕ್ಕಡಿ ನಿಂತವು. ಕೊನೆಯ ಚಕ್ಕಡಿ ಮೈಲಿಗಟ್ಟಲೆ ಆಚೆಯ ಲಕ್ಕುಂಡಿಯಲ್ಲಿ ನಿಂತಿತ್ತಂತೆ. ಅಲ್ಲಿಯ ಎತ್ತು ಯಾಕೆ ನಿಂತೆವು ಅಂತ ಇಲ್ಲಿಯ ಎತ್ತನ್ನು ಕೂಗಿ ಕೇಳಿತು ಅನ್ನುತ್ತಾರೆ. ಯಾರೋ ಹೋಗಿ ಸುವಾರ್ತವ್ವನನ್ನು ಕರೆತಂದರು. ಅವಳು ಎಳೆದಳು, ಬರಲಿಲ್ಲ. ಬೈದಳು, ಕೇಳಲಿಲ್ಲ. ಕಡೆಗೆ ಊರಿಗೆ ಊರೇ ನೋಡುತ್ತಿರುವಾಗ ಮಗನ ಮಗ್ಗುಲಿಗೆ ತಾನೂ ಕಂಬದಂತೆ ನಿಂತಳು, ಹಾಡು ಮುಗಿಯುವತನಕ.

ಸೆರಗು ಕಣ್ಣಿನತನಕ ಬಂತು. "ಬೀದ್ಯಾಗ ಹಾಡಬ್ಯಾಡೋ, ಬರಗೇಡಿ! ಅಜ್ಜಿ ಮನ್ಯಾಗ ಹಾಡು. ಅಲ್ಲೆ ಏನು ಹೇಳೂದಿದ್ದರೂ ಹಾಡಿನ್ಯಾಗ ಹೇಳು. ಹಾಡು ಬಿಟ್ಟು ಒಂದು ಮಾತು ಆಡಬ್ಯಾಡ!"

"ಹೂಂ ಅವ್ವಾ."

ಮರುದಿನ ಡಾಕ್ಟರ ಮನೆಗೆ ಹೋದ. ಅಜ್ಜಿಯ ರೂಢಿ ಒಂದಿತ್ತು. ಮಧ್ಯಾಹ್ನ ಅನ್ನದ ಬಟ್ಟಲು ಮುಂದಿಟ್ಟರೆ, ಯಾರಾದರೂ ಊಟದ ಹಾಡು ಹೇಳುವತನಕ ಬಾಯಿ ತೆರೆಯುವವಳಲ್ಲ. ಸಮಾಧಾನಿ ಹಾಡಿದ. ಅಜ್ಜಿ ಉಂಡಳು. ಒಳ್ಳೆಯದೇ ಆಯಿತು. ಜೊತೆಗೆ ಬಂದು ಹೊರಗಿನ ಕಟ್ಟೆಯ ಮೇಲೆ ಕೂತ ಸುವಾರ್ತವ್ವ ಸೆರಗು ತುಸು ಸರಿಸಿ ಉಸಿರುಬಿಟ್ಟಳು.

ಅಷ್ಟರಲ್ಲಿ ಇದ್ದಿಲ ಶೇಗಡಿಯಿಂದ ಒಂದು ಕೆಂಡ ಹಾರಿ ಪರದೆಗೆ ಬಿತ್ತು. ಹೊಗೆ! ಡಾಕ್ಟರನ್ನು ಕರೆಯಬೇಕು. ಹೇಗೆ ಕರೆಯುವುದು? ಹಾಡಿನಲ್ಲೇ ಕರೆಯಬೇಕು. ಚೀನಾ ಮಾತಿನಲ್ಲಿ ಬೆಂಕಿಗೆ ಹ್ವೋ ಅನ್ನುತ್ತಾರೆ ಅಂತ ಡಾಕ್ಟರು ಹೇಳಿಕೊಟ್ಟಿದ್ದರು. ಆ ಹ್ವೋ ಇದ್ದದ್ದು ಒಂದು ಹಾಡಿನ ನಾಲ್ಕನೆಯ ಚರಣದಲ್ಲಿ. ಸಮಾಧಾನಿ ಕೈ ಮುಗಿದು ನಿಂತು ಮೊದಲನೆಯ ಚರಣದಿಂದ ಶುರು ಮಾಡಿದ!

ಅಜ್ಜಿ ದೇವರ ಹಾಡು ಕೇಳಿ ಕಣ್ಣು ಮುಚ್ಚಿ ದನಿಗೂಡಿಸಿದಳು. ಹೊರಗಿನ ಕೋಣೆಯಲ್ಲಿ ಡಾಕ್ಟರು ಇಕ್ಕಳ ಕೆಳಗಿಟ್ಟು ತಲೆ ಬಾಗಿಸಿ ನಿಂತರು. ಕುರ್ಚಿಯಲ್ಲಿ ಬಾಯಿ ಅಗಲಿಸಿ ಕೂತಿದ್ದ ರೋಗಿ ಅಗಲಿಸಿದ ಬಾಯಿಯಲ್ಲೇ ಎದ್ದು ನಿಂತ. ಕಟ್ಟೆಯ ಮೇಲೆ ಸುವಾರ್ತವ್ವ, ನನ್ನ ಮಗ ಏನು ಚೆಂದ ಹಾಡುತ್ತಾನೆ ಅಂತ ಅವಳೂ ಕಣ್ಣು ಮುಚ್ಚಿದಳು. ಪರದೆ ಉರಿಯಿತು, ಗೋಡೆಯ ಗೂಡಿನ ಬಾಗಿಲು ಉರಿಯಿತು, ಡಾಕ್ಟರ ಕೋಟು ಉರಿಯಿತು. ನಾಲ್ಕನೆಯ ಚರಣ ಬಂತು.

"ಹ್ವೋ!"

"ಆಮೆನ್!" ಅಂದರು ಎಲ್ಲರೂ. ಅಂದು ಕಣ್ಣು ತೆರೆದರು.

ಬಾವಿಯೇ ಬರಿದಾಯಿತು ಬೆಂಕಿ ಆರಿಸಲು. ಸುವಾರ್ತವ್ವನ ಸೆರಗು ಮೂಗಿನತನಕ ಇಳಿಯಿತು. ಡಾಕ್ಟರು ಮಸಿ ಮುಖದಲ್ಲಿ ಹೇಳಿದರು, "ಮೊದಲಿಂದ ಹೇಳತಾರೇನೋ ತಮ್ಮಾ? ಬೇಕಾದ ಒಂದು ಮಾತು ಹೇಳು. ಒಂದ! ಹೇಳಿ ಸುಮ್ಮನಾಗು."

"ಹೂಂ ಡಾಕ್ಟರೇ."

ಅವತ್ತು ಸಂಜೆ ಅಜ್ಜಿ ಪ್ರಾರ್ಥನೆಗೆ ಕೂತಳು. ಹಾಡು ಅಂತ ಕೈ ಸನ್ನೆ ಮಾಡಿ ಕಣ್ಣು ಮುಚ್ಚಿದಳು. ಸಮಾಧಾನಿ ಮೊದಲನೆಯ ಸಾಲಿನ ಮೊದಲನೆಯ ಮಾತು ಹೇಳಿದ. ಒಂದೇ! ಹೇಳಿ ಚಪ್ಪಲಿ ಮೆಟ್ಟಿ ಮನೆಗೆ ಬಂದು ರೊಟ್ಟಿ ತಿಂದು ಮಲಗಿದ. ಅಜ್ಜಿ ಉಳಿದ ಹಾಡಿಗೆ ಕಾಯುತ್ತ ಕಣ್ಣು ಮುಚ್ಚಿಯೇ ಕೂತಳು. ಅಡಿಗೆ ಆರಿತು, ದೀಪ ಆರಿತು, ಬೆಳಗಾಗುವತನಕ ಅಜ್ಜಿ ಏಳಲಿಲ್ಲ.

ಬೆಳಗ್ಗೆ ಡಾಕ್ಟರು ಇವರ ಮನೆಯ ಕಟ್ಟೆಗೇ ಬಂದು ನಿಂತರು. ಸುವಾರ್ತವ್ವನ ಸೆರಗು ಗದ್ದಕ್ಕೆ ಮುಟ್ಟಿತು. ಮುಖವೇ ಕಾಣದು.

"ಸುವಾರ್ತವ್ವಾ, ಇದ ಕಡೀದು. ನಾಳಿ ಭಾನುವಾರ ದೊಡ್ಡ ಪಾದ್ರಿ ಬರ್ತಾರ. ನಮ್ಮವ್ವ ಹಾಡಾಕಿ, ಇವನೂ ಜೋಡಿ ಹಾಡಲಿ. ಸರಿ ಹೋತೋ, ನಮ್ಮನ್ಯಾಗ ಇರಲಿ. ಇಲ್ಲೋ, ಸೋಮವಾರ ಕಳಿಸಬ್ಯಾಡ್ರಿ." ಆಮೇಲೆ ಇವನ ಕಡೆ ತಿರುಗಿದರು. "ನೋಡೋ, ನೀ ಏನೂ ವಿಚಾರ ಮಾಡಬ್ಯಾಡ. ನಮ್ಮವ್ವನ ಬಾಯಿ ನೋಡು. ಆ ಬಾಯಿ ಏನು ಮಾಡ್ತದ, ನೀನೂ ಅದನ್ನ ಮಾಡು." ಹಾಗೆ ಅಂದು, ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ಅವನ ಕಿಸೆಗೆ ಹಾಕಿದರು. "ಇವು ದೊಡ್ಡ ಪಾದ್ರಿಯವರ ಹೊಸಾ ಕಟ್ಟಿನ ಹಲ್ಲು. ಹಾಡು ಮುಗದ ಮ್ಯಾಲೆ ಅವರ ಕೈಯಾಗ ಕೊಡು. ಇವಿಲ್ಲದ ಅವರಿಗೆ ಬೋಧನಿ ಮಾಡಾಕ ಬರಂಗಿಲ್ಲ."

ಭಾನುವಾರ ಚರ್ಚು ತುಂಬಿ ಕಿಟಕಿಗೂ ಜನ ಜೋತುಬಿದ್ದಿದ್ದರು. ಸುವಾರ್ತವ್ವ ಹಿಂದಿನ ಸಾಲಿನ ಕಂಬಕ್ಕೆ ಅಂಟಿಕೊಂಡು, ಸೆರಗಿನೊಳಗೇ ಅಂದಳು, "ದೇವರೇ, ಇವತ್ತೊಂದಿನ ಇವನ್ನ ಮನಶ್ಯಾನ್ನ ಮಾಡು."

ಅಜ್ಜಿ ಎದ್ದು ನಿಂತಳು. ಕಟ್ಟಿನ ಹಲ್ಲು ಇಟ್ಟುಕೊಂಡು ಹಾಡಲು ಅವಳಿಗೆ ಬಾರದು. ಹಲ್ಲು ತೆಗೆದು ಕರವಸ್ತ್ರದಲ್ಲಿ ಹಿಡಿದಳು. ಸಮಾಧಾನಿ ನೋಡಿದ. ಅವನೂ ಕಿಸೆಯಿಂದ ಹಲ್ಲು ತೆಗೆದು ಕೈಯಲ್ಲಿ ಹಿಡಿದ. ಯಾರಿಗೂ ಗೊತ್ತಾಗಲಿಲ್ಲ. ಅಜ್ಜಿ ಬಾಯಿ ತೆರೆದಳು, ಇವನು ತೆರೆದ. ಅಜ್ಜಿ ದನಿ ಏರಿಸಿದಳು, ಇವನು ಏರಿಸಿದ. ಮೈ ಏರಲಿಲ್ಲ! ಎಲ್ಲೂ ನಿಲ್ಲಲಿಲ್ಲ, ಎಲ್ಲೂ ತಪ್ಪಲಿಲ್ಲ. ಎಂಥಾ ಹಾಡು ಅಂತೀರಿ! ಮಾಡಿನ ಪಾರಿವಾಳ ಗೂಡು ಬಿಟ್ಟು ಕೆಳಗಿಳಿದು ಸಾಲಿನಲ್ಲಿ ಕೂತವು.

ಸುವಾರ್ತವ್ವ ಗದ್ದದಿಂದ ಮೂಗಿಗೆ, ಮೂಗಿಂದ ಹಣೆಗೆ ಸೆರಗು ಸರಿಸಿದಳು. ಎಲ್ಲರೂ ನೋಡಲಿ, ನಾ ಇವನವ್ವ ಅಂತ ಕತ್ತು ಎತ್ತಿದಳು.

ಹಾಡು ಮುಗಿಯಿತು. ಅಜ್ಜಿ ಹಲ್ಲು ತಿರುಗಿ ಬಾಯಿಗೆ ಹಾಕಿಕೊಂಡಳು.

ಸಮಾಧಾನಿಯೂ ಹಾಕಿಕೊಂಡ.

ತನ್ನ ಹಲ್ಲಿನ ಮೇಲೆ ಪಾದ್ರಿಯ ಹಲ್ಲು! ಕೂತಿತು ನೋಡ್ರಿ, ಗೂಟ ಬಡಿದಂತೆ. ಮುಚ್ಚಲು ಬಾರದು, ತೆರೆಯಲು ಬಾರದು. ದೊಡ್ಡ ಪಾದ್ರಿ ಎದ್ದು ಬೊಚ್ಚು ಬಾಯಲ್ಲಿ ಪ್ರಿಯರೇ ಅನ್ನಲು ಹೋಗಿ "ಪ್ರಿಫರೇ..." ಅಂತ ಶುರು ಮಾಡಿ, ಹಲ್ಲಿಗೆ ಅಂತ ಕೈ ಚಾಚಿದರು. ನೋಡಿದರೆ ಅವರ ಹಲ್ಲು ಎದುರಿಗೆ ನಿಂತು ಅವರನ್ನೇ ನೋಡಿ ಕಿಸಿಯುತ್ತಿದೆ!

ಡಾಕ್ಟರು ಓಡಿ ಬಂದರು. ಇಕ್ಕಳ ಹಾಕಿದರು, ಎದೆಯ ಮೇಲೆ ಕಾಲಿಟ್ಟರು, ಎಳೆದರು. ಫಟ್ಟಂತ ಬಂತು ಹಲ್ಲಿನ ಕಟ್ಟು. ಜೊತೆಗೆ ಸಮಾಧಾನಿಯ ಮುಂದಿನ ಎರಡು ಹಲ್ಲೂ ಅಂಟಿಕೊಂಡು ಬಂದವು. ಪಾದ್ರಿ ಅವಸರದಲ್ಲಿ ಹಾಗೆಯೇ ಇಟ್ಟುಕೊಂಡು, ಮೂವತ್ನಾಲ್ಕು ಹಲ್ಲಿನಲ್ಲಿ ಬೋಧನೆ ಮಾಡಿದರು. ಅಷ್ಟು ಸ್ಪಷ್ಟವಾದ ಬೋಧನೆ ಬೆಟಗೇರಿ ಅದಕ್ಕಿಂತ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ಆದರೆ ಅಜ್ಜಿ! ಅಜ್ಜಿ ನಕ್ಕಳು. ಬೆಂಚು ಹಿಡಿದು ನಕ್ಕಳು, ಹೊಟ್ಟೆ ಹಿಡಿದು ನಕ್ಕಳು, ಮಗನ ಹೆಗಲಿಗೆ ತಲೆ ಕೊಟ್ಟು ನಕ್ಕಳು. ಸಮಾಧಾನಿಯೂ ರಕ್ತದ ಬಾಯಲ್ಲಿ ಅಷ್ಟೇ ನಕ್ಕ. ಡಾಕ್ಟರು ತಾಯಿಯ ಮುಖ ನೋಡಿದರು, ಇವನ ಮುಖ ನೋಡಿದರು. "ಇರಲಿ ಬಿಡು. ಅವ್ವ ಇವನ್ನ ಬಿಡಬ್ಯಾಡ ಅಂತಾಳ" ಅಂದರು.

ಅದು ಸುವಾರ್ತವ್ವನಿಗೆ ಕೇಳಲಿಲ್ಲ. ಅವಳು ಆಗಲೇ ಸೆರಗಿನಲ್ಲಿ ಪೂರಾ ಮುಳುಗಿ ಸಂದಿಗೊಂದಿ ಹಿಡಿದು ಮನೆ ಸೇರಿದ್ದಳು. ಕದ ಹಾಕಿದವಳು ರಾಟೆ ಮುಟ್ಟಲಿಲ್ಲ. ಮಗ ಡಾಕ್ಟರ ಮನೆಯಲ್ಲೇ ಉಳಿದ.

ಮರುದಿನ ಮಧ್ಯಾಹ್ನ ಕರುಳು ಕೇಳಲಿಲ್ಲ. ಉಪವಾಸ ಇದ್ದಾನೋ ಏನೋ ಅಂತ ರೊಟ್ಟಿ ಕಟ್ಟಿಕೊಂಡು ಹೋದಳು. ಡಾಕ್ಟರು ಪಾದ್ರಿಯ ಹಲ್ಲು ರಿಪೇರಿಗೆ ಅಂತ ಹುಬ್ಬಳ್ಳಿಗೆ ಹೋಗಿದ್ದರು. ಒಳಗೆ ನೋಡಿದರೆ, ಅನ್ನದ ಬಟ್ಟಲು ಮುಂದಿಟ್ಟುಕೊಂಡು ಅಜ್ಜಿ ಬಾಯಿ ಮುಚ್ಚಿ ಕೂತಿದ್ದಾಳೆ, ಇವನು ಊಟದ ಹಾಡು ಹಾಡಲಿ ಅಂತ. ಎದುರಿಗೆ ಇವನು ಬಾಯಿ ಮುಚ್ಚಿ ಕೂತಿದ್ದಾನೆ, ಅಜ್ಜಿ ಬಾಯಿ ತೆರೆಯಲಿ ಅಂತ. ಅನ್ನ ಆರಿ ಕಲ್ಲಾಗಿದೆ.

"ಹಾಡೋ!"

ತುಟಿ ಬಿಚ್ಚಲಿಲ್ಲ.

"ಉಣ್ಣೋ!"

ಬಿಚ್ಚಲಿಲ್ಲ. ಅಜ್ಜಿಗೆ ಹೇಳೋಣ ಅಂದರೆ ಭಾಷೆ ಬಾರದು. ಬರುವುದು ಒಂದೇ, ಮಗ ಏಣಿ ಹತ್ತಿ ಇಳಿದು ಕಲಿತ ಆ ಹಾಡು. ರಾಟೆಯ ಮುಂದೆ ಕೂತು ಕೇಳಿ ಕೇಳಿ ಅವಳ ತಲೆಗೂ ಹತ್ತಿತ್ತು. ಹತ್ತಿದ್ದು ಹೇಗೆ ಹತ್ತಿತ್ತೋ ಹಾಗೆಯೇ ಬರುತ್ತದೆ, ಬೇರೆ ಹೇಗೆ ಬಂದೀತು? ಸುವಾರ್ತವ್ವ ಸೆರಗು ತೆಗೆದು ಸೊಂಟಕ್ಕೆ ಸಿಕ್ಕಿಸಿದಳು. ಬಾಗಿಲ ಮೆಟ್ಟಿಲ ಹತ್ತಿರ ನಿಂತಳು. ಹಾಡಿದಳು. ದನಿ ಏರುವಲ್ಲಿ ಮೆಟ್ಟಿಲು ಏರಿದಳು, ಇಳಿಯುವಲ್ಲಿ ಇಳಿದಳು, ನಡುವೆ ಕುಕ್ಕರಿಸಿ ಎದ್ದಳು! ಹಲ್ಲು ನೋವಿಗೆ ಬಂದವರೆಲ್ಲ ನೋವು ಮರೆತು ಕಿಟಕಿಗೆ ಮುತ್ತಿದರು. ಮುಖಕ್ಕೆ ರಕ್ತ ನುಗ್ಗಿತು, ಕಿವಿ ಸುಟ್ಟವು. ಆದರೂ ಕಡೆಯ ಸಾಲಿನತನಕ ಏರಿದಳು, ಇಳಿದಳು.

ಅಜ್ಜಿ ಬಾಯಿ ತೆರೆದಳು. "ಆಮೆನ್" ಅಂದಳು. ಸಮಾಧಾನಿಯೂ ತೆರೆದ. ಅಜ್ಜಿ ಅವನ ತೆರೆದ ಬಾಯಿ ನೋಡಿದಳು, ಎರಡು ಹಲ್ಲಿನ ಸಂದಿ ನೋಡಿದಳು. ಸುವಾರ್ತವ್ವನ ಗಂಟಿನಿಂದ ಒಂದು ರೊಟ್ಟಿ ತೆಗೆದು, ಮುರಿದು, ಸಾರಿನಲ್ಲಿ ನೆನೆಸಿ, ತನ್ನ ಕೈಯಿಂದ ಅವನ ಬಾಯಿಗೆ ಇಟ್ಟಳು.

ಸುವಾರ್ತವ್ವನ ಕಣ್ಣು ತುಂಬಿ ಬಂತು. ಮೆಟ್ಟಿಲ ಮೇಲೆ ಕುಸಿದು ಕೂತಳು.

ಸಮಾಧಾನಿ ನುಂಗಿದ. ಅವ್ವನ ಕಡೆ ತಿರುಗಿದ. ಮುಖ ಅಗಲವಾಯಿತು.

"ಅವ್ವಾ! ರೊಟ್ಟಿ ಹಾಕೋರು ಸಿಕ್ಕರು. ಇನ್ನ ನೀ ಸಾಯಿ!"

ಕಿಟಕಿಯ ಜನ ಹೋ ಅಂದರು. ಸುವಾರ್ತವ್ವ ಕಾಲಿನ ಚಪ್ಪಲಿಗೆ ಕೈ ಹಾಕಿದಳು, ಸಮಾಧಾನಿ ಎದ್ದು ಓಡಿದ. ಅಜ್ಜಿ ನಕ್ಕಳು. ಓಡುತ್ತಲೇ ತಿರುಗಿ ಅಜ್ಜಿಯ ಬಾಯಿ ನೋಡಿ ಅವನೂ ನಕ್ಕ. ಚಪ್ಪಲಿ ಬಿದ್ದಾಗಲೂ ನಗುತ್ತಲೇ ಇದ್ದ.

ಅಲ್ಲಿಗೆ ಅವರು ಅಲ್ಲಿ, ನಾವು ಇಲ್ಲಿ. ಎದ್ದು ಹೋಗುವ ಮೊದಲು ನಿಮ್ಮ ನಿಮ್ಮ ಹಲ್ಲು ಮುಟ್ಟಿ ನೋಡಿಕೊಳ್ಳಿ.